ಕೋವಿಗೂ ದೂರದರ್ಶಕಕ್ಕೂ ನಡುವೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಣ್ಣಿಗೆ ಎದ್ದು ಕಾಣುವ ಅಂಗಗಳನ್ನೇ ಕುರಿತು ಬರೆಯುತ್ತಾರೆ. ಕೋವಿಯ ವಿಷಯದಲ್ಲಿ ನಳಿಗೆಯ ಚರಿತ್ರೆ ಬಂದಿದೆ, ತೋಟಾದ ಚರಿತ್ರೆ ಬಂದಿದೆ, ಅದರ ಮೇಲಣ ದೂರದರ್ಶಕದ ಗಾಜಿನ ಚರಿತ್ರೆಯೂ ಬಂದಿದೆ. ಆದರೆ ಆ ದೂರದರ್ಶಕವನ್ನು ಕೋವಿಗೆ ಬಿಗಿದು ನಿಲ್ಲಿಸುವ ಪೀಠ, ಬಳೆ, ತಿರುಪುಮೊಳೆಗಳನ್ನು ಕುರಿತು ಯೋಚಿಸಿದವರು ವಿರಳ. ನೇಗಿಲು ಎಷ್ಟು ಒಳ್ಳೆಯದಾದರೂ ನೊಗಕ್ಕೆ ಬಿಗಿದ ಮಿಣಿ ಸಡಿಲವಾಗಿದ್ದರೆ ಸಾಲು ನೆಟ್ಟಗೆ ಬಾರದೆಂಬುದನ್ನು ನಮ್ಮ ಒಕ್ಕಲಿಗನು ಬಲ್ಲನು. ಇದೇ ಮಾತನ್ನು ಮನಗಾಣಲು ಬ್ರಿಟಿಷ್ ಸೈನ್ಯಕ್ಕೆ ಸುಮಾರು 80 ವರ್ಷಗಳು ಹಿಡಿದವು. ಆ ವಿಳಂಬದ ಕಾರಣಗಳನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಸರಳವಾದ ಲೆಕ್ಕವನ್ನು ನೋಡೋಣ. ದೂರದರ್ಶಕವನ್ನು ಹಿಡಿದಿರುವ ಎರಡು ಬಳೆಗಳ ನಡುವಣ ಅಂತರ 5 ಅಂಗುಲವೆಂದು ಇಟ್ಟುಕೊಳ್ಳಿ. ಅವುಗಳಲ್ಲೊಂದು ಒಂದು ಅಂಗುಲದ ನೂರನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿದರೆ ದೃಷ್ಟಿರೇಖೆಯು ಐನೂರಕ್ಕೆ ಒಂದರಂತೆ ಓರೆಯಾಗುತ್ತದೆ. 400 ಗಜ, ಅಂದರೆ 14,400 ಅಂಗುಲ ದೂರದಲ್ಲಿ ಈ ಓರೆ ಸುಮಾರು 29 ಅಂಗುಲಗಳಷ್ಟಾಗುತ್ತದೆ. ಗಾಜು ನಿರ್ಮಲವಾಗಿದೆ, ನಳಿಗೆ ನೆಟ್ಟಗಿದೆ, ಗುರಿಕಾರನ ಕೈ ನಡುಗಿಲ್ಲ. ಆದರೂ ಗುಂಡು ಎರಡು ಅಡಿಗೂ ಆಚೆ ಹೋಗಿ ಬೀಳುತ್ತದೆ. ಇದರ ಮೇಲೆ ಪ್ರತಿಯೊಂದು ಗುಂಡಿನ ಒದೆತವೂ ಆ ತಿರುಪುಗಳನ್ನು ಸಡಿಲಿಸಲು ಯತ್ನಿಸುತ್ತಲೇ ಇರುತ್ತದೆ.

ಈ ಚರಿತ್ರೆಯ ಆರಂಭದಲ್ಲಿ ಇಬ್ಬರನ್ನು ನೆನೆಯಬೇಕು. ಒಬ್ಬನು ಮ್ಯಾಂಚೆಸ್ಟರಿನ ಜೋಸೆಫ್ ವಿಟ್‌ವರ್ತ್. ಊರಿಗೊಂದು ಅಳತೆಯಲ್ಲಿದ್ದ ತಿರುಪುಮೊಳೆಗಳಿಗೆ 1841ರಲ್ಲಿ ಏಕರೂಪದ ಪ್ರಮಾಣವನ್ನು ಸೂಚಿಸಿದವನು ಇವನೇ. ಮುಂದೆ ಆರು ಮೂಲೆಯ ಒಳಕೊಳವೆಯುಳ್ಳ ಪ್ರಸಿದ್ಧ ಕೋವಿಯನ್ನು ನಿರ್ಮಿಸಿದವನೂ ಇವನೇ. ಮತ್ತೊಬ್ಬನು ಮುಂಬಯಿ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಡೇವಿಡ್ ಡೇವಿಡ್ಸನ್. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಕ್ಷದ ಆಯ್ದ ಗುರಿಕಾರರು ವಿಟ್‌ವರ್ತನ ಕೋವಿಗೆ ಡೇವಿಡ್ಸನನ ದೂರದರ್ಶಕವನ್ನು ಜೋಡಿಸಿಕೊಂಡು ಹೋರಾಡಿದರು. ಅದು ನಳಿಗೆಯ ನೆತ್ತಿಯ ಮೇಲಿರದೆ ಎಡಪಕ್ಕದಲ್ಲಿತ್ತು. ಕಣ್ಣಿಗೆ ತೀರ ಸಮೀಪದಲ್ಲಿದ್ದುದರಿಂದ ಗುಂಡು ಹಾರಿಸಿದವನ ಕಣ್ಣಿನ ಸುತ್ತ ಪೆಟ್ಟು ಬೀಳುವುದೂ ಉಂಟಾಗಿತ್ತು. ತಿರುಪಿಗೆ ಪ್ರಮಾಣವನ್ನು ಕೊಟ್ಟವನ ಕೋವಿಯ ಮೇಲೆಯೇ ಪೀಠದ ಸಮಸ್ಯೆ ಹೀಗೆ ಮೊದಲಬಾರಿಗೆ ಸ್ಪಷ್ಟವಾಗಿ ತಲೆದೋರಿತು.

ಆ ಪಾಠವನ್ನು ಬ್ರಿಟಿಷ್ ಸೈನ್ಯವು ಮುಂದುವರಿಸಲಿಲ್ಲ. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನರ ಬಳಿ ಬೇಟೆಗಾರರ ದೀರ್ಘ ಪರಂಪರೆಯಿತ್ತು. ದೂರದರ್ಶಕವನ್ನು ಕೋವಿಯ ಮೇಲ್ಗಡೆ ಕೊಕ್ಕೆಗಾಲುಗಳಿಂದ ಕಚ್ಚಿಸಿ ನಿಲ್ಲಿಸುವ, ಬೇಕಾದಾಗ ಬಿಚ್ಚುವ ಕೌಶಲವಿತ್ತು. ಬ್ರಿಟಿಷರ ಲೀ-ಎನ್‌ಫೀಲ್ಡ್ ಕೋವಿಗೆ ಐದೈದು ತೋಟಾಗಳ ಕಟ್ಟನ್ನು ಮೇಲಿನಿಂದಲೇ ತುಂಬಬೇಕಾಗಿತ್ತು. ಆ ದಾರಿಗೆ ಅಡ್ಡ ಬಾರದಿರಲೆಂದು ದೂರದರ್ಶಕವನ್ನು ಎಡಗಡೆಗೆ ಸರಿಸಿ ಕೂರಿಸಿದರು. ಇದರ ಫಲವಾಗಿ ದೃಷ್ಟಿರೇಖೆಯೂ ಗುಂಡಿನ ಮಾರ್ಗವೂ ಯಾವುದೋ ಒಂದೇ ದೂರದಲ್ಲಿ ಪರಸ್ಪರ ಕೂಡುವಂತಾಯಿತು. ಅಷ್ಟೇ ಅಲ್ಲ; ಕಂದಕದ ಉಕ್ಕಿನ ತಗಡಿನ ಕಿರಿದಾದ ಕಿಂಡಿಯಲ್ಲಿ ನಳಿಗೆಯನ್ನು ತೂರಿಸಿದರೆ ಪಕ್ಕದ ದೂರದರ್ಶಕಕ್ಕೆ ತಗಡಿನ ಅಂಚೇ ಅಡ್ಡವಾಗುತ್ತಿತ್ತು. ವೇಗವಾಗಿ ಗುಂಡು ಹಾರಿಸುವ ಸಾಮಾನ್ಯ ಸಿಪಾಯಿಯ ಅನುಕೂಲವನ್ನು, ಒಂದೇ ಗುಂಡಿಗಾಗಿ ಗಂಟೆಗಟ್ಟಲೆ ಕಾಯುವ ಗುರಿಕಾರನ ಮೇಲೆಯೂ ಹೊರಿಸಿದುದೇ ಇಲ್ಲಿಯ ಮೂಲದೋಷವೆಂದು ತೋರುತ್ತದೆ.

ಈ ದೋಷಗಳನ್ನು ಎತ್ತಿ ತೋರಿಸಿದವರಲ್ಲಿ ಮುಖ್ಯನು ಹೆಸ್ಕೆತ್-ಪ್ರಿಚರ್ಡ್. 1876ರಲ್ಲಿ ನಮ್ಮ ದೇಶದ ಝಾನ್ಸಿಯಲ್ಲಿ ಹುಟ್ಟಿದ ಈತನು ಲೇಖಕ, ಬೇಟೆಗಾರ, ಕ್ರಿಕೆಟ್ ಆಟಗಾರ. ಫ್ರಾನ್ಸಿನ ಕಂದಕಗಳಲ್ಲಿ ಅಲೆದು ದೂರದರ್ಶಕವುಳ್ಳ ಕೋವಿಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಬಹುಪಾಲು ಗುರಿ ತಪ್ಪಿರುವುದನ್ನು ಕಂಡನು. ಬೆಲೆಬಾಳುವ ಉಪಕರಣವನ್ನು ಸೈನ್ಯವು ಕೊಟ್ಟಿತ್ತು. ಅದನ್ನು ನೋಡಿಕೊಳ್ಳುವ ವಿದ್ಯೆಯನ್ನು ಕೊಟ್ಟಿರಲಿಲ್ಲ. ಹೀಗಾಗಿ ಸಿಪಾಯಿಗಳು ತಮ್ಮ ಕೋವಿ ಸರಿಯಾಗಿದೆಯೆಂದೇ ನಂಬಿ, ತಮ್ಮನ್ನು ಸರಿಯಾಗಿ ಗುರಿಯಿಟ್ಟಿದ್ದ ಎದುರಾಳಿಯ ಮುಂದೆ ತಲೆಯೆತ್ತುತ್ತಿದ್ದರು. ಇಂಥ ನಂಬಿಕೆಯ ಬೆಲೆ ಪ್ರಾಣವೇ ಆಗಿತ್ತು. ಪ್ರಿಚರ್ಡನು 1916ರಲ್ಲಿ ಗುರಿಕಾರರಿಗಾಗಿ ಒಂದು ಶಾಲೆಯನ್ನು ತೆರೆದನು. ಶತ್ರುವನ್ನು ಹುಡುಕುವ ಕಲೆಯ ಜೊತೆಗೆ ತನ್ನ ಕೋವಿಯನ್ನು ಪರೀಕ್ಷಿಸಿ ಸರಿಪಡಿಸಿಕೊಳ್ಳುವ ಕಲೆಯೂ ಅಲ್ಲಿ ಪಾಠವಾಯಿತು. ಅವನ ಅನುಭವಗಳು 1920ರಲ್ಲಿ ಪುಸ್ತಕರೂಪವಾಗಿ ಹೊರಬಂದವು. 1922ರಲ್ಲಿ ಅವನು ತೀರಿಕೊಂಡನು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಈ ಪಾಠವು ಕೊನೆಗೂ ಲೋಹದಲ್ಲಿ ರೂಪುಗೊಂಡಿತು. ಕಾರ್ಖಾನೆಯ ಪರೀಕ್ಷೆಯಲ್ಲಿ ನಿಖರವೆಂದು ಕಂಡುಬಂದ 4ನೆಯ ನಮೂನೆಯ ಲೀ-ಎನ್‌ಫೀಲ್ಡ್ ಕೋವಿಗಳನ್ನು ಆರಿಸಿ, 1942ರಿಂದ ಹಾಲೆಂಡ್ ಅಂಡ್ ಹಾಲೆಂಡ್ ಎಂಬ ಬಂದೂಕು ತಯಾರಕರ ಬಳಿಗೆ ಕಳುಹಿಸಲಾಯಿತು. ಹೀಗೆ ಸಿದ್ಧವಾದವುಗಳ ಸಂಖ್ಯೆ 20,000ಕ್ಕೂ ಮಿಕ್ಕಿತ್ತು. ಕೋವಿಯ ಎಡಮೈಗೆ ಎರಡು ಉಕ್ಕಿನ ಪೀಠಗಳನ್ನು ತಿರುಪಿನಿಂದ ಬಿಗಿದು, ಅವುಗಳಿಗೆ ಹೊಂದುವ ಚೌಕಟ್ಟನ್ನು ಕೈಯಿಂದ ತಿರುಗಿಸಬಹುದಾದ ಎರಡು ದಪ್ಪ ತಿರುಪುಗಳಿಂದ ಕೂಡಿಸುತ್ತಿದ್ದರು. ಮೂರು ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕವು ಈಗ ಪಕ್ಕಕ್ಕೆ ಸರಿಯದೆ ನಳಿಗೆಯ ಮೇಲ್ಗಡೆಗೆ ಬಂದಿತು. ಮೇಲಿನಿಂದ ಕಟ್ಟುಗಟ್ಟಲೆ ತೋಟಾ ತುಂಬುವ ಸೌಕರ್ಯ ತಪ್ಪಿತು; ಆ ನಷ್ಟವನ್ನು ತಿಳಿದೇ ಒಪ್ಪಿಕೊಂಡರು.

ಇದಕ್ಕಿಂತಲೂ ಗಮನಾರ್ಹವಾದುದು ಪಾಲನೆಯ ಕ್ರಮ. ಪ್ರತಿಯೊಂದು ದೂರದರ್ಶಕವೂ ಒಂದೇ ಒಂದು ಕೋವಿಗೆ ಮೀಸಲು. ದೂರದರ್ಶಕದ ಸಂಖ್ಯೆಯನ್ನು ಕೋವಿಯ ಮರದ ಹಿಡಿಯ ಮೇಲೂ ಕೋವಿಯ ಸಂಖ್ಯೆಯನ್ನು ಚೌಕಟ್ಟಿನ ಮೇಲೂ ಒತ್ತುತ್ತಿದ್ದರು. ಬಿಚ್ಚಿದ ದೂರದರ್ಶಕಕ್ಕೆ ಪ್ರತ್ಯೇಕವಾದ ತಗಡಿನ ಪೆಟ್ಟಿಗೆಯಿತ್ತು. ಇಷ್ಟಾದರೂ ಮುಂದಿನ ಪೀಠವು ಒದೆತಕ್ಕೆ ಸಡಿಲವಾಗುವುದು ತಪ್ಪಲಿಲ್ಲ. ಆದಕಾರಣ ತಿರುಪಿನ ತಲೆಯಂಚನ್ನು ಉಳಿಯಿಂದ ಗುದ್ದಿ, ಅದು ತಿರುಗದಂತೆ ಮಾಡುತ್ತಿದ್ದರು. ಕೋವಿ ಮತ್ತು ದೂರದರ್ಶಕ ಎರಡು ವಸ್ತುಗಳಲ್ಲ, ಒಂದೇ ಉಪಕರಣ ಎಂಬ ತಿಳಿವು ಈ ಗುರುತುಗಳಲ್ಲಿ ಅಡಗಿದೆ.

ಅನಂತರದ ದಾರಿ ಬೇರೆಯಾಯಿತು. 1995ರಲ್ಲಿ ಅಮೆರಿಕದ ಸೈನ್ಯವು ನ್ಯೂಜೆರ್ಸಿಯ ಪಿಕಟಿನ್ನಿ ಶಸ್ತ್ರಾಗಾರದ ಹೆಸರಿನಿಂದ ಪ್ರಸಿದ್ಧವಾದ ಹಲ್ಲುಪಟ್ಟಿಗೆ ಒಂದು ಪ್ರಮಾಣವನ್ನು ಗೊತ್ತುಪಡಿಸಿತು. ಅದರ ಗಾಡಿಗಳ ಅಗಲ 5.23 ಮಿಲಿಮೀಟರ್, ಒಂದರ ನಡುವಿನಿಂದ ಮತ್ತೊಂದರ ನಡುವಿಗೆ 10.01 ಮಿಲಿಮೀಟರ್. ಇದರಿಂದ ಯಾರೋ ಮಾಡಿದ ಬಳೆ ಇನ್ನಾರೋ ಮಾಡಿದ ಕೋವಿಗೆ ಹೊಂದುವಂತಾಯಿತು. ವಿಟ್‌ವರ್ತನು ತಿರುಪಿಗೆ ಮಾಡಿದುದನ್ನು ಒಂದೂವರೆ ಶತಮಾನದ ಮೇಲೆ ಪೀಠಕ್ಕೂ ಮಾಡಿದಂತಾಯಿತು.

ಆದರೂ ಪ್ರಮಾಣವು ಪಾಲನೆಯ ಹೊಣೆಯನ್ನು ನೀಗಿಸಲಿಲ್ಲ. ಇಂದಿಗೂ ತಿರುಪಿನ ಎಣ್ಣೆಯ ಜಿಡ್ಡನ್ನು ಒರೆಸಿ, ಅಳತೆಯ ಬಲದಿಂದ ಬಿಗಿದು, ತಿರುಪಿನ ತಲೆಯಿಂದ ಬಳೆಯವರೆಗೆ ಬಣ್ಣದ ಒಂದು ಗೆರೆಯೆಳೆಯುವ ಪದ್ಧತಿಯಿದೆ. ಗೆರೆ ಮುರಿದು ಕಂಡರೆ ತಿರುಪು ಸರಿದಿದೆಯೆಂದು ಅರ್ಥ. ಮತ್ತೆ ಬಿಗಿದು, ಮತ್ತೆ ಗುರಿಹಲಗೆಯ ಮೇಲೆ ಪರೀಕ್ಷಿಸಬೇಕು. 1915ರ ಕಂದಕಗಳಲ್ಲಿ ಕೊರತೆಯಾಗಿದ್ದುದು ಗಾಜಲ್ಲ, ಉಕ್ಕಲ್ಲ. ತನ್ನ ಸಾಧನವನ್ನು ಸಂದೇಹಿಸಿ ನೋಡುವ ಈ ಅಭ್ಯಾಸ. ಉಪಕರಣವನ್ನು ಒದಗಿಸಿದೊಡನೆ ತನ್ನ ಕರ್ತವ್ಯ ಮುಗಿಯಿತೆಂದು ಭಾವಿಸುವ ಯಾವ ಸಂಸ್ಥೆಗಾದರೂ ಈ ಸಣ್ಣ ತಿರುಪಿನ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯಿದೆ.