ಯಂತ್ರಕ್ಕೆ ಸ್ಪರ್ಶೇಂದ್ರಿಯ ಬಂದ ಬಗೆ

ಜೀವವುಳ್ಳ ಪ್ರಾಣಿಗೂ ಜಡವಾದ ಯಂತ್ರಕ್ಕೂ ಇರುವ ಭೇದವೇನೆಂಬ ಪ್ರಶ್ನೆಗೆ ಹಿಂದಿನವರು ಸುಲಭವಾಗಿ ಉತ್ತರ ಹೇಳಬಹುದಾಗಿತ್ತು: ಪ್ರಾಣಿಗೆ ಇಂದ್ರಿಯಗಳುಂಟು, ಯಂತ್ರಕ್ಕೆ ಇಲ್ಲ. ಬಾವಿಯಲ್ಲಿ ನೀರು ಬತ್ತಿದುದನ್ನು ಏತವು ಅರಿಯದು. ಎಳ್ಳು ಮುಗಿದುದು ಗಾಣಕ್ಕೆ ತಿಳಿಯದು. ಅರಿವೆಲ್ಲವೂ ಅವುಗಳನ್ನು ನಡೆಸುವ ಮನುಷ್ಯನದು. ಈಗಲಾದರೋ ಸುತ್ತಲಿನ ಸ್ಥಿತಿಯನ್ನು ತಾನೇ ತಿಳಿದು, ಅದಕ್ಕೆ ತಕ್ಕಂತೆ ತನ್ನ ನಡೆಯನ್ನು ತಿದ್ದಿಕೊಳ್ಳುವ ಯಂತ್ರಗಳು ಬಂದಿವೆ. ಇಂತಹ ಯಂತ್ರವನ್ನು ಲೋಕವು ರೋಬಾಟ್ ಎಂದೂ, ಅದರ ಅರಿಯುವ ಅಂಗವನ್ನು ಸಂವೇದಕವೆಂದೂ ಕರೆಯುತ್ತದೆ. ಇವುಗಳ ಚರಿತ್ರೆಯನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಅದರ ಒಂದು ಮುಖ್ಯವಾದ ಅಧ್ಯಾಯವು ಚಿಕ್ಕಬಳ್ಳಾಪುರ ಸೀಮೆಯಲ್ಲಿಯೇ ನಮ್ಮ ಕಣ್ಣೆದುರಿಗೆ ನಡೆಯುತ್ತಿದೆ.

ರೋಬಾಟ್ ಎಂಬ ಹೆಸರು ಹುಟ್ಟಿದ್ದು ನಾಟಕದಲ್ಲಿ. ಚೆಕ್ ದೇಶದ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕವೊಂದರಲ್ಲಿ ಅದು ಮೊದಲು ಕಾಣಿಸಿತು. ಅವರ ಭಾಷೆಯಲ್ಲಿ ಅದರ ಮೂಲಪದಕ್ಕೆ ಬಿಟ್ಟಿ ಚಾಕರಿಯೆಂದು ಅರ್ಥ. ಆದರೆ ವಸ್ತುವು ಹೆಸರಿಗಿಂತ ಹಳೆಯದು. ಜೇಮ್ಸ್ ವಾಟ್ 1788ರಲ್ಲಿ ತನ್ನ ಉಗಿಯಂತ್ರಕ್ಕೆ ಎರಡು ತಿರುಗುವ ಗುಂಡುಗಳನ್ನು ಕಟ್ಟಿದನು. ವೇಗವು ಹೆಚ್ಚಿದರೆ ಗುಂಡುಗಳು ಅಗಲಕ್ಕೆ ಹಾರಿ ಉಗಿಯ ದಾರಿಯನ್ನು ಕಿರಿದುಮಾಡುವುವು. ವೇಗವು ತಗ್ಗಿದರೆ ಕೆಳಗಿಳಿದು ದಾರಿಯನ್ನು ಹಿರಿದುಮಾಡುವುವು. ಅರಿಯುವುದು, ಅರಿತಂತೆ ನಡೆಯುವುದು, ನಡೆದುದರ ಫಲವನ್ನು ಮತ್ತೆ ಅರಿಯುವುದು—ಈ ಚಕ್ರವೇ ಇಂದಿನ ಎಲ್ಲ ರೋಬಾಟುಗಳ ಮೂಲತತ್ತ್ವ.

ಅರಿಯುವುದು ಬೇರೆ, ಅರಿತು ನಡೆಯುವುದು ಬೇರೆ ಎಂಬುದಕ್ಕೆ ಗೌರಿಬಿದನೂರು ಒಳ್ಳೆಯ ನಿದರ್ಶನ. ಅಲ್ಲಿ ಭಾಭಾ ಅಣುಸಂಶೋಧನ ಕೇಂದ್ರದವರು ಬ್ರಿಟಿಷ್ ವಿಜ್ಞಾನಿಗಳ ಸಹಕಾರದಿಂದ 1965ರಲ್ಲಿ ಭೂಕಂಪಮಾಪಕಗಳ ಒಂದು ವ್ಯೂಹವನ್ನು ಸ್ಥಾಪಿಸಿದರು. ಲಂಬವಾಗಿ ಕೂಡುವ ಎರಡು ಉದ್ದನೆಯ ತೋಳುಗಳಲ್ಲಿ 20 ಮಾಪಕಗಳನ್ನು ಸಾಲಾಗಿ ಹೂಳಿದರು. ದೂರದೇಶದಲ್ಲಿ ಭೂಮಿ ನಡುಗಿದರೂ, ಭೂಗರ್ಭದಲ್ಲಿ ಅಣುಸ್ಫೋಟ ನಡೆದರೂ ಅದರ ಅಲೆಯು ಈ ಮಾಪಕಗಳನ್ನು ಒಂದಾದ ಮೇಲೊಂದರಂತೆ ತಾಕುವುದು. ಆ ಕಾಲಾಂತರವನ್ನು ಲೆಕ್ಕಹಾಕಿ ಅಲೆಯು ಯಾವ ದಿಕ್ಕಿನಿಂದ ಬಂತೆಂದು ನಿರ್ಣಯಿಸುವರು. ಅದೇ ತಾಲ್ಲೂಕಿನಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ ಕಟ್ಟಿದ ರೇಡಿಯೋ ದೂರದರ್ಶಕವು 1976ರಲ್ಲಿ ಕೆಲಸಕ್ಕೆ ತೊಡಗಿತು. 1.4 ಕಿಲೋಮೀಟರ್ ಉದ್ದದ ಪೂರ್ವಪಶ್ಚಿಮದ ಸಾಲು, ಅದಕ್ಕೆ ಸೇರಿದಂತೆ ದಕ್ಷಿಣಕ್ಕೆ ಇನ್ನೊಂದು ಸಾಲು. ಇವುಗಳಲ್ಲಿ ನಿಲ್ಲಿಸಿದ ಒಂದು ಸಾವಿರ ಆಂಟೆನಾಗಳು ಆಕಾಶದಿಂದ ಬರುವ ಮಂದವಾದ ರೇಡಿಯೋ ಅಲೆಗಳನ್ನು ಗ್ರಹಿಸಿದುವು. ಇವೆಲ್ಲವೂ ಅತಿ ಸೂಕ್ಷ್ಮವಾದ ಇಂದ್ರಿಯಗಳು. ಆದರೆ ಕೈಕಾಲಿಲ್ಲದ ಇಂದ್ರಿಯಗಳು. ಅವು ಅರುಹುವುವು, ಮುಂದೇನು ಮಾಡಬೇಕೆಂಬುದನ್ನು ಮನುಷ್ಯನೇ ನಿಶ್ಚಯಿಸಬೇಕು.

ಇಂದ್ರಿಯಕ್ಕೆ ಕೈಯೂ ಕೂಡಿಬಂದ ಯಂತ್ರವನ್ನು ನೋಡಬೇಕಾದರೆ ಶಿಡ್ಲಘಟ್ಟಕ್ಕೆ ಹೋಗಬೇಕು.

ಮೈಸೂರು ಸೀಮೆಯಲ್ಲಿ ರೇಷ್ಮೆಯ ವ್ಯವಸಾಯವನ್ನು ಟಿಪ್ಪು ಸುಲ್ತಾನನು 18ನೆಯ ಶತಮಾನದಲ್ಲಿ ಬೆಳೆಸಿದನು. 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವನ್ನು ಮಾಡಿಸಿ, ಜಪಾನಿನಿಂದ ತಜ್ಞರನ್ನು ಕರೆಸಿದರು. ಶಿಡ್ಲಘಟ್ಟ, ಚಿಂತಾಮಣಿ, ಚಿಕ್ಕಬಳ್ಳಾಪುರ ತಾಲ್ಲೂಕುಗಳ ರೈತರು ಹಿಪ್ಪುನೇರಳೆಯನ್ನು ಬೆಳೆದು ಹುಳುವನ್ನು ಸಾಕುತ್ತಾರೆ; ಶಿಡ್ಲಘಟ್ಟವು ಗೂಡಿನ ದೊಡ್ಡ ಮಾರುಕಟ್ಟೆಯಾಗಿ ಬೆಳೆದಿದೆ. ಅಲ್ಲಿ ನೂಲು ಬಿಚ್ಚಾಣಿಕೆಯು ಮನೆಮನೆಯ ಕಸುಬು.

ಈ ಕಸುಬಿನ ಮರ್ಮವನ್ನು ಸ್ವಲ್ಪ ವಿವರಿಸಬೇಕು. ಒಂದು ಗೂಡಿನ ಎಳೆಯು ನೂರಾರು ಮೀಟರ್ ಉದ್ದವುಳ್ಳದ್ದು. ಆದರೆ ಬಹಳ ತೆಳು. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್ ಎಂಬುದು ರೇಷ್ಮೆಯ ಅಳತೆ. ಒಂಟಿ ಎಳೆಯು ಎರಡು ಮೂರು ಡೆನಿಯರಿನದು. ಇಪ್ಪತ್ತು ಇಪ್ಪತ್ತೆರಡು ಡೆನಿಯರಿನ ನೂಲು ಬೇಕಾದರೆ ಎಂಟು ಒಂಬತ್ತು ಗೂಡುಗಳ ಎಳೆಗಳನ್ನು ಕೂಡಿಸಬೇಕು. ಆದರೆ ಗೂಡಿನ ಒಳಪದರಕ್ಕೆ ಹೋದಂತೆ ಎಳೆಯು ತೆಳುವಾಗುತ್ತದೆ. ಆದುದರಿಂದ ಗೂಡುಗಳ ಸಂಖ್ಯೆಯನ್ನು ಎಣಿಸಿದ ಮಾತ್ರಕ್ಕೆ ನೂಲಿನ ದಪ್ಪವು ಸಮನಾಗಿರದು. ಚರಕದ ಮುಂದೆ ಕುಳಿತವನು ಕಣ್ಣಳತೆಯಿಂದಲೂ ಬೆರಳಿನ ಅನುಭವದಿಂದಲೂ ಇದನ್ನು ಅರಿತು, ಕುದಿನೀರಿನ ಬೋಗುಣಿಯೊಳಗೆ ಕೈಯಿಟ್ಟು, ತಕ್ಕ ಸಮಯದಲ್ಲಿ ಹೊಸ ಗೂಡಿನ ಎಳೆಯನ್ನು ಸೇರಿಸುವನು. ವರ್ಷಗಟ್ಟಲೆ ಬೆಂದ ಬೆರಳುಗಳಲ್ಲಿ ಈ ವಿದ್ಯೆ ನೆಲೆಸಿರುವುದು.

ಈ ವಿದ್ಯೆಯನ್ನು ಯಂತ್ರಕ್ಕೆ ಕಲಿಸಿದವರು ಜಪಾನೀಯರು. ಕಾಲವು 1950ರ ದಶಕ. ಅವರು ಕಂಡುಕೊಂಡ ಉಪಾಯವು ಆಶ್ಚರ್ಯಕರವಾದಷ್ಟು ಸರಳವಾಗಿದೆ. ಎರಡು ಪುಟ್ಟ ಗಾಜಿನ ಬಿಲ್ಲೆಗಳ ನಡುವಣ ಸಣ್ಣ ಸಂದಿಯಲ್ಲಿ ನೂಲನ್ನು ಹಾಯಿಸುವರು. ನೂಲು ದಪ್ಪವಾಗಿದ್ದರೆ ಘರ್ಷಣೆ ಹೆಚ್ಚಿ ಬಿಲ್ಲೆಯು ಮೇಲಕ್ಕೆ ಎಳೆಯಲ್ಪಡುವುದು. ತೆಳುವಾದರೆ ಘರ್ಷಣೆ ತಗ್ಗಿ ಕೆಳಗಿಳಿಯುವುದು. ಆ ಇಳಿತವೇ ಸಂಜ್ಞೆ. ಒಡನೆಯೇ, ಎಳೆಯ ತುದಿಯನ್ನು ಹುಡುಕಿ ಸಿದ್ಧಮಾಡಿದ ಗೂಡುಗಳನ್ನು ಹೊತ್ತು ಸಾಗುವ ತೊಟ್ಟಿಯು ಆ ಸ್ಥಳದಲ್ಲಿ ಒಂದು ಗೂಡನ್ನು ಉದುರಿಸುವುದು. ನೂಲು ಮತ್ತೆ ತಕ್ಕ ದಪ್ಪಕ್ಕೆ ಬರುವುದು. ಇಂತಹ ಸಂದಿಗಳು ನೂರಾರು ಒಂದೇ ಯಂತ್ರದಲ್ಲಿ ಏಕಕಾಲಕ್ಕೆ ಕೆಲಸಮಾಡುವುವು. ವಾಟನ ಗುಂಡುಗಳ ತತ್ತ್ವವೇ ಇಲ್ಲಿ ಬೆರಳ ತುದಿಯಷ್ಟು ಸೂಕ್ಷ್ಮವಾಗಿದೆ. ಈ ಶತಮಾನದಲ್ಲಿ ಕೇಂದ್ರ ರೇಷ್ಮೆ ಮಂಡಳಿ ಹಾಗೂ ರಾಜ್ಯ ಸರ್ಕಾರಗಳ ಸಹಾಯಧನದಿಂದ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳು ನಮ್ಮ ನಾಡಿಗೂ ಬಂದಿವೆ.

ಇದನ್ನು ಕಂಡು ಯಂತ್ರವು ಮನುಷ್ಯನಿಗೆ ಸಮಾನವಾಯಿತೆಂದು ತಿಳಿಯುವುದು ಅವಸರದ ಮಾತು. ಯಂತ್ರವು ಅರಿಯುವುದು ಘರ್ಷಣೆಯೊಂದನ್ನೇ. ದಪ್ಪವೆಂಬುದು ಅದರಿಂದ ಮಾಡಿಕೊಂಡ ಊಹೆ. ಸಂದಿಯಲ್ಲಿ ಕಸ ಸಿಕ್ಕಿದರೆ ನೂಲು ತೆಳುವಾಗಿದ್ದರೂ ದಪ್ಪವೆಂದೇ ಭ್ರಮಿಸಿ ಹೊಸ ಗೂಡನ್ನು ಕರೆಯದೆ ಇದ್ದುಬಿಡುವುದು. ಆಗ ಸಂದಿಯನ್ನು ಶುಚಿಮಾಡಲು ಮನುಷ್ಯನೇ ಬರಬೇಕು. ಇನ್ನೂ ದೊಡ್ಡ ಮಾತೆಂದರೆ, ಈ ಯಂತ್ರಕ್ಕೆ ಒಂದೇ ಸಮನಾದ, ಎಳೆಯು ಕಡಿಯದೆ ಬಿಚ್ಚಿಕೊಳ್ಳುವ ಗೂಡುಗಳು ಬೇಕು; ಅಂತಹವು ಬಿಳಿಯ ದ್ವಿತಳಿ ಗೂಡುಗಳು. ನಮ್ಮ ರೈತರು ಬಹುಕಾಲದಿಂದ ಬೆಳೆದು ಬಂದಿರುವುದು ಮೈಸೂರು ತಳಿಯ ತಾಯಿಗೆ ಹುಟ್ಟಿದ ಹಳದಿ ಛಾಯೆಯ ಮಿಶ್ರತಳಿ. ಅದರಲ್ಲಿ ಎಳೆಯು ಗಿಡ್ಡ, ಗೂಡಿನಿಂದ ಗೂಡಿಗೆ ವ್ಯತ್ಯಾಸವೂ ಹೆಚ್ಚು. ಅಲ್ಲಿ ಯಂತ್ರವು ತಡವರಿಸುವುದು. ಚರಕದ ಬೆರಳು ತಡವರಿಸದು. ಹೀಗೆ ಯಂತ್ರದ ಇಂದ್ರಿಯವು ಕಿರಿದಾಗಿರುವುದರಿಂದ, ರೈತನು ಸಾಕುವ ಹುಳುವಿನ ಜಾತಿಯೇ ಬದಲಾಗಬೇಕೆಂಬ ಒತ್ತಾಯವು ಹೊಲದವರೆಗೂ ಬಂದಿದೆ. ದ್ವಿತಳಿ ಹುಳುವಿಗೆ ಹೆಚ್ಚಿನ ಆರೈಕೆ ಬೇಕು. ಯಂತ್ರವನ್ನು ಕೊಳ್ಳುವುದಕ್ಕೆ ದೊಡ್ಡ ಬಂಡವಾಳ ಬೇಕು. ಚಿಕ್ಕ ಬಿಚ್ಚಾಣಿಕೆದಾರನಿಗೆ ಎರಡೂ ಸುಲಭವಲ್ಲ.

ಹಾಗೆಂದು ಕುದಿನೀರಿನ ಬೋಗುಣಿಯನ್ನು ಕೊಂಡಾಡುವುದೂ ನ್ಯಾಯವಲ್ಲ. ಕರ್ನಾಟಕದ ಬಿಚ್ಚಾಣಿಕೆಯ ಮನೆಗಳಲ್ಲಿ ಚಿಕ್ಕ ಮಕ್ಕಳ ಕೈಗಳೂ ಆ ನೀರಿನಲ್ಲಿ ಬೆಂದ ಕಾಲವೊಂದಿತ್ತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚಬಾರದೆಂಬ ವಿಧಿಯು 2016ರ ತಿದ್ದುಪಡಿಯಿಂದ ಎಲ್ಲ ಕಸುಬುಗಳಿಗೂ ವಿಸ್ತರಿಸಿತು. ಬೆರಳಿಗೆ ಬದಲಾಗಿ ಗಾಜಿನ ಬಿಲ್ಲೆಯು ಆ ಕಷ್ಟವನ್ನು ಹೊರುವುದಾದರೆ ಅದನ್ನು ಯಾರೂ ಬೇಡವೆನ್ನಲಾರರು. ಆದರೆ ಬಿಲ್ಲೆಯು ಪಡೆದದ್ದು ಬೆರಳಿನ ಅರಿವಿನ ಒಂದು ಎಳೆ ಮಾತ್ರ. ಮಿಕ್ಕ ಅರಿವು ಇನ್ನೂ ಶಿಡ್ಲಘಟ್ಟದ ಮನೆಗಳಲ್ಲಿದೆ. ಯಂತ್ರವನ್ನು ಕೊಳ್ಳುವುದಕ್ಕೆ ಧನಸಹಾಯವನ್ನು ಯೋಜಿಸುವವರು ಆ ಬೆರಳುಗಳುಳ್ಳವರನ್ನೇ ಯಂತ್ರದ ಒಡೆಯರನ್ನಾಗಿ ಮಾಡುವ ದಾರಿಯನ್ನೂ ಯೋಚಿಸಿದರೆ, ನೂಲೂ ಸಮನಾಗುವುದು, ಬಾಳೂ ಸಮನಾಗುವುದು.