ದೆಹಲಿಯ ಶಾಗಿರ್ದನ ಚದುರಂಗ ಸಮಸ್ಯೆ

ಚದುರಂಗದ ಕಾಯಿಗಳ ನಡೆಯನ್ನೇ ವಸ್ತುವಾಗಿಟ್ಟುಕೊಂಡು ಕೃತಿ ರಚಿಸುವ ಪದ್ಧತಿಯು ನಮ್ಮ ನಾಡಿಗೆ ಹೊಸದಲ್ಲ. ಕುದುರೆಯು 64 ಮನೆಗಳಲ್ಲಿಯೂ ಒಂದೊಂದು ಸಲ ಮಾತ್ರ ಕಾಲಿಡುವಂತೆ ಮುಮ್ಮಡಿ ಕೃಷ್ಣರಾಜ ಒಡೆಯರು ರಚಿಸಿದ ಬಂಧಗಳು ಪ್ರಸಿದ್ಧವಾಗಿವೆ. ಅಲ್ಲಿ ಕುದುರೆಗೆ ಎದುರಾಳಿಯಿಲ್ಲ, ನಡೆಯೇ ಗುರಿ. ಎದುರಾಳಿಯ ರಾಜನನ್ನು ಇಷ್ಟೇ ನಡೆಗಳಲ್ಲಿ ಕಟ್ಟಬೇಕೆಂಬ ‘ಸಮಸ್ಯೆ’ಗಳಲ್ಲಿಯಾದರೋ ನಡೆಗೆ ಒಂದು ಗೂಢವಾದ ಉದ್ದೇಶವಿರುವುದು. ಅಂತಹ ಉದ್ದೇಶದ ಸೊಗಸನ್ನು ಯೂರೋಪಿನ ರಚನಕಾರರಿಗೆ ಮನಗಾಣಿಸಿದ ಸಮಸ್ಯೆಯೊಂದು ಒಡೆಯರ ಜೀವಿತಕಾಲದಲ್ಲಿಯೇ ದೆಹಲಿಯಿಂದ ಹೊರಟಿತು.

ಹೋವರ್ಡ್ ಸ್ಟಾಂಟನನು ಲಂಡನ್ನಿನಲ್ಲಿ ನಡೆಯಿಸುತ್ತಿದ್ದ ‘ಚೆಸ್ ಪ್ಲೇಯರ್ಸ್ ಕ್ರಾನಿಕಲ್’ ಎಂಬ ಪತ್ರಿಕೆಯಲ್ಲಿ ಅದು 1845ರ ಫೆಬ್ರುವರಿಯಲ್ಲಿ ಅಚ್ಚಾಯಿತು. ಕಳುಹಿಸಿದಾತನು ‘ಶಾಗಿರ್ದ’, ಎಂದರೆ ಶಿಷ್ಯ, ಎಂಬ ಹೆಸರನ್ನು ಧರಿಸಿದ್ದನು. ಆತನು ಹೆನ್ರಿ ಆಗಸ್ಟಸ್ ಲವ್‌ಡೇ ಎಂಬ ಆಂಗ್ಲ ಪಾದ್ರಿಯೆಂದು ಆಮೇಲೆ ಗೊತ್ತಾಯಿತು. ಆದುದರಿಂದ ‘ಭಾರತೀಯ ಸಮಸ್ಯೆ’ ಎಂದು ಅದಕ್ಕೆ ರೂಢವಾಗಿರುವ ಹೆಸರನ್ನು ಕಂಡು, ಇದು ನಮ್ಮ ಪೂರ್ವಿಕರ ಕೃತಿಯೆಂದು ಬೀಗುವುದು ತರವಲ್ಲ.

ಬಿಳಿಯ ಪಕ್ಷವು ನಾಲ್ಕು ನಡೆಗಳಲ್ಲಿ ಕರಿಯ ರಾಜನನ್ನು ಕಟ್ಟಬೇಕು. ಮಣೆಯ ನಡುವೆ ನಿಂತಿರುವ ಆ ರಾಜನಿಗೆ ಅಡಿಯಿಡಲು ಒಂದು ಮನೆಯೂ ಇಲ್ಲ. ಅವನ ಕುದುರೆಯೂ ರಾಜನನ್ನು ಮರೆಮಾಡಿ ನಿಂತಿರುವುದರಿಂದ ಕದಲಲಾರದು. ಕರಿಯ ಪಕ್ಷಕ್ಕೆ ಉಳಿದಿರುವುದು ಕಾಲಾಳಿನ ನಡೆಗಳೆರಡೇ. ಅವು ತೀರಿದೊಡನೆ, ರಾಜನಿಗೆ ಷಹವಿಲ್ಲದೆಯೂ ನಡೆಯಿಲ್ಲದಂತಾಗಿ, ನಿಯಮದಂತೆ ಆಟವು ಸಮವಾಗುವುದು. ಬಿಗಿಯು ಅತಿಯಾದುದೇ ಬಿಳಿಯ ಪಕ್ಷದ ಸಂಕಟ! ಗೆಲ್ಲಬೇಕಾದರೆ ವೈರಿಗೆ ಒಂದು ಬಾಗಿಲನ್ನು ತೆರೆಯಲೇಬೇಕು.

ಇದಕ್ಕೆ ಉಪಾಯವೇನು? ಬಲದಂಚಿನಲ್ಲಿದ್ದ ಬಿಳಿಯ ಒಂಟೆಯು ಓರೆಸಾಲಿನಲ್ಲಿ ಹಿಂದೆ ಸರಿದು ತಳಸಾಲನ್ನು ಸೇರುವುದು. ನೋಡುವವರಿಗೆ ಇದು ನಿಷ್ಪ್ರಯೋಜಕವೆಂದು ತೋರುವುದು. ಒಂಟೆಯು ಮೊದಲು ಕಾಯುತ್ತಿದ್ದ ಮನೆಯನ್ನೇ ಈಗಲೂ ಕಾಯುತ್ತಿದೆ. ಆದರೆ ಹಾಗೆ ಸರಿಯುವಾಗ ಅದು ಒಂದು ಮನೆಯನ್ನು ದಾಟಿದೆ. ಬಿಳಿಯ ರಾಜನು ಒಂದು ನಡೆಯನ್ನು ಕಳೆದ ಬಳಿಕ, ಆನೆಯು ಆ ಮನೆಗೇ ಬಂದು ತನ್ನ ಒಂಟೆಯ ದಾರಿಯನ್ನು ತಾನೇ ಮುಚ್ಚುವುದು. ಕರಿಯ ರಾಜನು ಬಿಡುವಾದ ಮನೆಗೆ ಕಾಲಿಡುವನು. ಒಡನೆಯೇ ಆನೆಯು ಮುನ್ನುಗ್ಗಿ ಅಡ್ಡಸಾಲಿನಲ್ಲಿ ಷಹ ಕೊಡುವುದು. ತೆರೆದ ದಾರಿಯಲ್ಲಿ ಒಂಟೆಯದೂ ಷಹ. ಕುದುರೆಯು ಈಗ ಆನೆಯನ್ನು ಹೊಡೆಯಬಲ್ಲದಾದರೂ ಒಂಟೆಯ ಷಹವು ಉಳಿಯುವುದರಿಂದ ರಾಜನಿಗೆ ಬಿಡುಗಡೆಯಿಲ್ಲ. ಒಂಟೆಯು ತನ್ನ ಮೊದಲಿನ ಸ್ಥಾನದಲ್ಲಿಯೇ ಇದ್ದಿದ್ದರೆ ಆನೆಯು ಅದರ ದಾರಿಗೆ ಅಡ್ಡವಾಗುತ್ತಿರಲಿಲ್ಲ, ಬಾಗಿಲೂ ತೆರೆಯುತ್ತಿರಲಿಲ್ಲ.

ಈ ರಚನೆಯು ನಿರ್ದೋಷವಲ್ಲ. ರಾಜನ ನಡೆಯನ್ನು ಮೊದಲಿಟ್ಟು ಒಂಟೆಯನ್ನು ಆಮೇಲೆ ಸರಿಸಿದರೂ ಫಲವು ಒಂದೇ. ಪರಿಹಾರಕ್ರಮವು ಏಕಮಾತ್ರವಾಗಿರಬೇಕೆಂಬ ಈಗಿನ ಕಟ್ಟಳೆಯಂತೆ ಇದು ದೊಡ್ಡ ಕುಂದೇ ಸರಿ. ಆದರೂ ಇದರ ಬೀಜವು ಫಲಿಸಿತು. 1850ರಲ್ಲಿ ವಾಲ್ಟರ್ ಗ್ರಿಮ್‌ಷಾ ಎಂಬವನು ಆನೆ ಒಂಟೆಗಳು ಪರಸ್ಪರ ದಾರಿಗಟ್ಟುವುದನ್ನೇ ವಸ್ತುವಾಗಿಸಿದನು. 1903ರಲ್ಲಿ ಕೋಟ್ಸ್ ಮತ್ತು ಕೊಕೆಲ್‌ಕೋರ್ನ್ ಎಂಬ ಜರ್ಮನ್ ವಿದ್ವಾಂಸರಿಬ್ಬರು ಈ ಸಮಸ್ಯೆಯ ಹೆಸರಿನಲ್ಲಿಯೇ ಒಂದು ಗ್ರಂಥವನ್ನು ಹೊರತಂದು, ಒಂಟೆಯು ದಾಟಿದ ಆ ಮನೆಯ ಮಹತ್ವವನ್ನು ಶಾಸ್ತ್ರವಾಗಿ ವಿವೇಚಿಸಿದರು.

ಲವ್‌ಡೇಯು 1848ರಲ್ಲಿಯೇ ತೀರಿಹೋದುದರಿಂದ ಇದಾವುದನ್ನೂ ಕಾಣಲಿಲ್ಲ. ಅವನ ಒಂದು ರಚನೆಯಲ್ಲಿ ದೋಷವನ್ನು ಎಣಿಸುವುದು ಸುಲಭ. ದೋಷವನ್ನು ಕಂಡೂ ಅದರೊಳಗಿನ ಭಾವವನ್ನು ಕೈಬಿಡದ ವಿಮರ್ಶಕರು ದೊರೆತುದು ಅವನ ಪುಣ್ಯ. ಶಿಷ್ಯನೆಂದು ತನ್ನನ್ನು ಕರೆದುಕೊಂಡವನಿಂದ, ಹೀಗೆ, ಅನೇಕ ಗುರುಗಳು ಪಾಠ ಕಲಿತರು.