ಜೈಲಿನಿಂದ ಬಂದವರಿಗೆ ತೆರೆದಿದ್ದ ಮನೆ - ಉಮಾಬಾಯಿ ಕುಂದಾಪುರ

ಸ್ವಾತಂತ್ರ್ಯ ಹೋರಾಟದ ಪಾಠದಲ್ಲಿ "ಜೈಲು ಸೇರಿದರು" ಎಂಬ ಮಾತು ಬಂದೊಡನೆ ನಾವು ಮುಂದಿನ ಪುಟಕ್ಕೆ ಹೋಗಿಬಿಡುತ್ತೇವೆ. ಹೊರಗೆ ಬಂದ ಮೇಲೆ ಅವರ ಗತಿ ಏನಾಯಿತು? ಅದರಲ್ಲೂ ಹೆಣ್ಣುಮಕ್ಕಳು ಎಲ್ಲಿಗೆ ಹೋದರು? ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರ ಜೀವನ ಇದಕ್ಕೆ ಉತ್ತರ ಹೇಳುತ್ತದೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ಹೆಸರಿನ ಪರಿಚಯ ಕಡಿಮೆ. ಆಗ ನಮ್ಮದು ನಿಜಾಮರ ರಾಜ್ಯ, ಹುಬ್ಬಳ್ಳಿ ಮುಂಬಯಿ ಪ್ರಾಂತ. (1956ರ ರಾಜ್ಯ ವಿಂಗಡಣೆಗೆ ಮುಂಚೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು ಎಂದರೆ ಮಕ್ಕಳು ಈಗ ನಂಬುವುದೇ ಇಲ್ಲ!)

ಉಮಾಬಾಯಿ ಹುಟ್ಟಿದ್ದು 1892ರಲ್ಲಿ, ಮಂಗಳೂರಿನಲ್ಲಿ. ತವರಿನ ಹೆಸರು ಭವಾನಿ ಗೋಳಿಕೇರಿ. ಚಿಕ್ಕ ವಯಸ್ಸಿಗೇ ಸಂಜೀವರಾವ್ ಕುಂದಾಪುರ ಅವರೊಂದಿಗೆ ಮದುವೆ. ಓದಿಸಿದವರು ಮಾವ ಆನಂದರಾಯರು. 1923ರಲ್ಲಿ ಪತಿ ತೀರಿಕೊಂಡರು. ವಿಧವೆ ಸೊಸೆಯನ್ನು ಮೂಲೆಯಲ್ಲಿ ಕೂರಿಸುತ್ತಿದ್ದ ಕಾಲ ಅದು. ಆನಂದರಾಯರು ಹುಬ್ಬಳ್ಳಿಗೆ ಬಂದು ಕರ್ನಾಟಕ ಪ್ರೆಸ್ ನಡೆಸಿದರು, ಸೊಸೆ ತಿಲಕ್ ಕನ್ಯಾ ಶಾಲೆಯ ಹೊಣೆ ಹೊತ್ತರು. ಆ ಮಾವನನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಡಾ. ನಾ.ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವೂ ಇವರದೇ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿಗೆ ಉಮಾಬಾಯಿ ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಕೂಡಿಸಿದರು. ಅವರಲ್ಲಿ ಅನೇಕರು ವಿಧವೆಯರು.

1932ರಲ್ಲಿ ಇವರನ್ನು ಬಂಧಿಸಿ ಪುಣೆಯ ಯರವಡಾ ಜೈಲಿಗೆ ಕಳಿಸಿದರು. ಹುಬ್ಬಳ್ಳಿಯವರನ್ನು ಪುಣೆಗೇಕೆ ಕಳಿಸಿದರು ಎಂದರೆ, ಎರಡೂ ಒಂದೇ ಪ್ರಾಂತದ ಊರುಗಳು. ನಾಲ್ಕು ತಿಂಗಳ ಸೆರೆ. ಅಲ್ಲಿರುವಾಗಲೇ ಮಾವ ತೀರಿಕೊಂಡ ಸುದ್ದಿ ಬಂತು. ಬಿಡುಗಡೆಯಾಗಿ ಬಂದರೆ ಊರಲ್ಲಿ ಏನುಳಿದಿತ್ತು? ಪ್ರೆಸ್ ಸರ್ಕಾರದ ಜಪ್ತಿಯಲ್ಲಿ. ಶಾಲೆಗೆ ಮೊಹರು. ಕಟ್ಟಿ ಬೆಳೆಸಿದ ಭಗಿನಿ ಮಂಡಳ ಕಾನೂನುಬಾಹಿರ. ಆಸರೆಯಾಗಿದ್ದ ಹಿರಿಯ ಜೀವವೂ ಇಲ್ಲ. ಉಳಿದದ್ದು ಒಂದು ಸಣ್ಣ ಮನೆ ಮಾತ್ರ.

ಆ ಮನೆಯನ್ನೇ ಅವರು ತೆರೆದಿಟ್ಟರು. ಯರವಡಾದಿಂದ, ಬೆಳಗಾವಿ ಹಿಂಡಲಗಾ ಜೈಲಿನಿಂದ ಬಿಡುಗಡೆಯಾದ ಹೆಣ್ಣುಮಕ್ಕಳಿಗೆ ಕೈಯಲ್ಲಿ ಕಾಸಿಲ್ಲ, ಊರು ದೂರ. ಪುಣೆ-ಬೆಳಗಾವಿಯ ರೈಲು ಹುಬ್ಬಳ್ಳಿಗೇ ಬರುತ್ತಿತ್ತು. ಅಲ್ಲಿ ಇಳಿದವರಿಗೆ ಉಮಾಬಾಯಿಯವರ ಮನೆಯಲ್ಲಿ ಊಟ, ವಸತಿ, ಊರು ಸೇರಲು ಪ್ರಯಾಣದ ವ್ಯವಸ್ಥೆ. ಇದು ಸಣ್ಣ ಕೆಲಸವೆನಿಸಬಹುದು. ಆದರೆ ಜೈಲಿನ ಬಾಗಿಲಿನಿಂದ ಸ್ವಂತ ಮನೆಯ ಬಾಗಿಲಿನವರೆಗಿನ ದಾರಿಯೇ ಹೆಣ್ಣಿಗೆ ಕಠಿಣವಾದದ್ದು. ಇಂದು 1987ರ ಕಾನೂನು ಸೇವಾ ಕಾಯ್ದೆಯಂತೆ ಮಹಿಳೆಯರಿಗೂ ಬಂಧನದಲ್ಲಿರುವವರಿಗೂ ಉಚಿತ ವಕೀಲರ ನೆರವು ಉಂಟು. (ತಾಲ್ಲೂಕು ಕೋರ್ಟಿನಲ್ಲೇ ವಿಚಾರಿಸಬಹುದು, ಪಾಲಕರಿಗೆ ತಿಳಿದಿರಲಿ.) ಆದರೆ ಚಂಚಲಗುಡ ಮಹಿಳಾ ಜೈಲಿನಿಂದ ಹೊರಬಿದ್ದವಳು ಆ ರಾತ್ರಿ ಎಲ್ಲಿ ತಂಗಬೇಕು ಎಂಬುದನ್ನು ವಕೀಲರು ಹೇಳಲಾರರು.

1934ರ ಜನವರಿಯಲ್ಲಿ ಬಿಹಾರ ಭೂಕಂಪವಾದಾಗ ಇವರು ಸ್ವಯಂಸೇವಕರೊಂದಿಗೆ ಅಲ್ಲಿಗೂ ಹೋದರು. 1942ರ ಚಳವಳಿಯಲ್ಲಿ ಆರೋಗ್ಯ ಕೆಟ್ಟಿದ್ದರೂ ಭೂಗತ ಹೋರಾಟಗಾರರಿಗೆ ಆಶ್ರಯ ಕೊಟ್ಟರು. ಪೊಲೀಸರ ಕಣ್ಣು ಆ ಮನೆಯ ಮೇಲೆ ಮೊದಲಿನಿಂದಲೂ ಇತ್ತು, ಮತ್ತೆ ಜೈಲು ಕಾಣುವ ಭಯ ಇರಲಿಲ್ಲವೆಂದಲ್ಲ.

ಸೆರೆಯಲ್ಲಿದ್ದಾಗಲೇ 1944ರಲ್ಲಿ ಕಸ್ತೂರಬಾ ತೀರಿಕೊಂಡರಲ್ಲ, ಅವರ ಹೆಸರಿನಲ್ಲಿ ಹಳ್ಳಿಯ ಹೆಂಗಸರು, ಮಕ್ಕಳಿಗಾಗಿ ಟ್ರಸ್ಟ್ ಹುಟ್ಟಿತು. 1946ರಲ್ಲಿ ಗಾಂಧೀಜಿ ಅದರ ಕರ್ನಾಟಕ ಶಾಖೆಯನ್ನು ಉಮಾಬಾಯಿಯವರಿಗೆ ವಹಿಸಿದರು. ಸ್ವಾತಂತ್ರ್ಯ ಬಂದ ಮೇಲೆ ತಾಮ್ರಪತ್ರವನ್ನೂ ಒಲ್ಲೆ, ಪಿಂಚಣಿಯನ್ನೂ ಒಲ್ಲೆ ಎಂದರು. ಹುಬ್ಬಳ್ಳಿಯಲ್ಲಿ ಮಾವನ ಹೆಸರಿನ "ಆನಂದ ಸ್ಮೃತಿ" ಎಂಬ ಪುಟ್ಟ ಮನೆಯಲ್ಲೇ ಇದ್ದು 1992ರಲ್ಲಿ ನಿಧನರಾದರು.